ನಂಬರಿನ ಹೊಟ್ಟೆಯೊಳಗೆ

ಯುರೋಪಿನ ಬಿಲ್ಲಿಂಗ್‌ಗೆ ಕೋಡ್ ಬರೆಯುವ ನನ್ನಂಥವರಿಗೆ ವ್ಯಾಟ್ ನಂಬರಿನ ಕಾಟ ಚೆನ್ನಾಗಿ ಗೊತ್ತು. ಜರ್ಮನಿಯದು ಡಿಇ, ಆಮೇಲೆ 9 ಅಂಕಿ, ಮುಗೀತು. ಆಸ್ಟ್ರಿಯಾದವರು ಎಟಿ ಪಕ್ಕ ಒಂದು ಯು ಅಂಟಿಸಿ 8 ಅಂಕಿ ಬರೀತಾರೆ. ಗ್ರೀಸ್ ಬೇರೆ ಕಡೆ ಜಿಆರ್, ಇಲ್ಲಿ ಮಾತ್ರ ಇಎಲ್. ಮನೆಯಲ್ಲೊಂದು ಹೆಸರು, ಶಾಲೆಯ ದಾಖಲೆಯಲ್ಲೊಂದು ಹೆಸರು ಇದ್ದ ಹಾಗೆ. ಇರ್ಲಿ, ಇವೆಲ್ಲ ಒಂದು ರೆಜೆಕ್ಸ್‌ಗೆ ವಾಸಿಯಾಗೋ ತಲೆನೋವು.

ನನ್ನ ತಕರಾರು ನಂಬರಿನ ಒಳಗೆ ಏನು ತುಂಬಿದ್ದಾರೆ ಅನ್ನೋದರ ಬಗ್ಗೆ. ನೆದರ್‌ಲ್ಯಾಂಡ್ಸ್‌ನಲ್ಲಿ ಒಬ್ಬರೇ ವ್ಯವಹಾರ ನಡೆಸುವವರ ವ್ಯಾಟ್ ನಂಬರಿನಲ್ಲಿ ಅವರ ನಾಗರಿಕ ಸಂಖ್ಯೆಯೇ ಇರ್ತಿತ್ತು. ನಮ್ಮ ಆಧಾರ್ ಇದ್ದ ಹಾಗೆ ಅದು. ಬಿಲ್ಲಲ್ಲೂ ವೆಬ್‌ಸೈಟಲ್ಲೂ ಹಾಕಲೇಬೇಕು ಬೇರೆ. ಇದಕ್ಕೆ ಕಾನೂನಿನ ಬೆಂಬಲವಿಲ್ಲ ಅಂತ ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ತೆರಿಗೆ ಇಲಾಖೆಗೇ ಹೇಳಿತು. 2020ರ ಜನವರಿ 1ರಿಂದ ಅವರಿಗೆಲ್ಲ ಹೊಸ ನಂಬರ್.

ಈಗ ನಮ್ಮ ಜಿಎಸ್‌ಟಿ ನಂಬರ್ ನೋಡಿ. 15 ಅಕ್ಷರ. ಮೊದಲ 2 ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ 10 ಇಡೀ ಪ್ಯಾನ್. ಎಂಜಿನಿಯರ್ ಕಣ್ಣಿಗೆ ಅಚ್ಚುಕಟ್ಟು, ತಪ್ಪು ಹಿಡಿಯೋಕೆ ಕೊನೆಯಲ್ಲೊಂದು ಚೆಕ್ ಅಕ್ಷರವೂ ಇದೆ. ಕಂಪನಿಯ ಪ್ಯಾನ್ ಆದರೆ ಚಿಂತೆಯಿಲ್ಲ. ಒಬ್ಬರೇ ಮಾಲೀಕರಿರೋ ಅಂಗಡಿಗೆ ಬೇರೆ ಪ್ಯಾನ್ ಎಲ್ಲಿ ಬರಬೇಕು? ಸಾಲಕ್ಕೆ, ಮ್ಯೂಚುವಲ್ ಫಂಡ್‌ಗೆ ಕೊಟ್ಟಿರೋ ಮಾಲೀಕರ ಸ್ವಂತ ನಂಬರೇ ಬಿಲ್ಲಿಗೂ ಬರುತ್ತೆ. ಅಂಗಡಿಯ ಬೋರ್ಡಿನ ಮೇಲೂ ಬರೆಸಬೇಕು, ನಿಯಮ.

ಬೇಕರಿಯ ಬಿಲ್ ಬಿಸಾಡೋ ಮೊದಲು ಆ ನಂಬರಿನ ಆರನೇ ಅಕ್ಷರ ನೋಡಿ. ಪಿ ಇದ್ದರೆ ಅದು ವ್ಯಕ್ತಿಯ ಪ್ಯಾನ್.