ಕಾಗದ ಒಂದೇ, ಆಸರೆ ಬೇರೆ

ಒಳ್ಳೆಯ ಪಾಠವನ್ನೂ ಒಳ್ಳೆಯ ಸಂಗೀತದ ಹಾಗೆ ಕೂತು ಸವಿಯಬಹುದು. ಅದಕ್ಕೆ ಹೈದರಾಬಾದಿನ ಕನ್ನಡ ತರಗತಿ ಹೇಳಿ ಮಾಡಿಸಿದ ಜಾಗ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳಿಗೆ ರಾಜಧಾನಿಯಾಗಿದ್ದ ಊರು. ಕಾಚಿಗೂಡದಲ್ಲಿ ನೃಪತುಂಗನ ಹೆಸರಿನಲ್ಲಿ ಕನ್ನಡಿಗರು ಶಾಲೆ ಕಟ್ಟಿಕೊಂಡ ಊರು. ಇಂಥ ಕಡೆ ಒಂದೇ ಬೆಂಚಿನ ಮೇಲೆ ಮೂರು ಬಗೆಯ ಮಕ್ಕಳು ಕೂತಿರುತ್ತಾರೆ. ಒಬ್ಬಳ ಮಾತು ಅರಳು ಹುರಿದಂಥ ಕನ್ನಡ, ಓದಲು ಬರುವುದು ತೆಲುಗು ಲಿಪಿ ಮಾತ್ರ. ಒಬ್ಬನಿಗೆ ಅಕ್ಷರ ಬರುತ್ತದೆ, ವಾಕ್ಯ ಕಟ್ಟಲು ಕೈ ತಡವರಿಸುತ್ತದೆ. ಇನ್ನೊಬ್ಬಳು ಕೈಗೆ ಸಿಕ್ಕಿದ್ದನ್ನೆಲ್ಲ ಓದುವವಳು.

ಮೂವರಿಗೂ ಒಂದೇ ಕೆಲಸ ಕೊಟ್ಟರೆನ್ನಿ: ಲಾಡ್ ಬಜಾರಿನ ಅರಗಿನ ಬಳೆಗಳ ಬಗ್ಗೆ ಬೀದರಿನ ಅಜ್ಜಿಗೊಂದು ಕಾಗದ. ಟೀಚರ ಕುಸುರಿ ಕಾಣುವುದು ಇಲ್ಲಿಂದ. ಮೊದಲನೆಯವಳ ಮುಂದೆ ಕನ್ನಡ, ತೆಲುಗು ಅಕ್ಷರಗಳನ್ನು ಜೋಡಿಸಿ ಬರೆದ ಹಾಳೆ. ಬ, ಲ, ಜ ನೋಡಿದೊಡನೆ ಗುರುತು ಹತ್ತುತ್ತವೆ. ಕ, ಶಗಳ ತಲೆಕಟ್ಟಿನ ಮೇಲೆ ಬೆರಳು ಒಂದು ಗಳಿಗೆ ನಿಲ್ಲುತ್ತದೆ. ಅವಳು ‘ಬಳಿ ಭಾಳ ಚಂದ ಅವ’ ಎಂದು ಬರೆದರೆ ಟೀಚರು ತಿದ್ದುವುದಿಲ್ಲ. ಅಜ್ಜಿ ಆಡುವುದೂ ಅದೇ ಮಾತು. ಎರಡನೆಯವನಿಗೆ ‘ಅರಗನ್ನು ಬಿಸಿ ಮಾಡಿ...’ ಎಂಬಂಥ ಎರಡು ಮೂರು ವಾಕ್ಯದ ಆರಂಭಗಳಿರುವ ಚೀಟಿ. ಮೂರನೆಯವಳಿಗೆ ಚೀಟಿಯಿಲ್ಲ, ಪ್ರಶ್ನೆಯೊಂದೇ: “ಅಜ್ಜಿಗೆ ಕಣ್ಣು ಮಂಜಾಗಿದ್ದರೆ ಬಳೆಯ ಹೊಳಪನ್ನು ಹೇಗೆ ಹೇಳ್ತೀಯಮ್ಮ?”

1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ವಿದ್ವಾಂಸರು, ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ಡು ಕಟ್ಟುವುದನ್ನು ಗಮನಿಸಿ ಬರೆದದ್ದು ಈ ಕಲೆಯನ್ನೇ. ಮಗು ತೊಡಕಿನಲ್ಲಿ ಸಿಕ್ಕಾಗ ಆಸರೆ ಕೊಡಬೇಕು, ಸಾಗಿದಾಗ ಹಿಂದೆ ಸರಿಯಬೇಕು. ಕೊಡುವುದಕ್ಕಿಂತ ಸರಿಯುವುದರಲ್ಲೇ ಹೆಚ್ಚು ಸೊಗಸು. ಬೇಗ ಸರಿದರೆ ಮಗು ಎಡವುತ್ತದೆ, ತಡವಾದರೆ ಹಾಳೆಯೇ ಊರುಗೋಲಾಗುತ್ತದೆ. ಆ ಗಳಿಗೆಯನ್ನು ಮಗುವಿನ ಮುಖ ನೋಡಿಯೇ ಹಿಡಿಯಬೇಕು.

ಕಷ್ಟಪಡುವ ಮಗುವಿಗೆ ಬೇರೆ, ಸುಲಭದ ಪಾಠ ಕೊಡುವುದೂ ಕರುಣೆಯಂತೆಯೇ ಕಾಣುತ್ತದೆ. ಆದರೆ ಆ ಮಗು ಅದರ ಜೊತೆಗೆ ‘ನಾನು ಕಡಿಮೆ’ ಎಂಬುದನ್ನೂ ಕಲಿಯುತ್ತದೆ. ಕೆಲಸ ಒಂದೇ ಆದರೆ ಮೂವರೂ ಕಾಗದ ಬದಲಾಯಿಸಿಕೊಂಡು ಓದಬಹುದು, ಯಾವ ಬಳೆ ಚೆಂದವೆಂದು ವಾದಿಸಬಹುದು. ತರಗತಿಗೆ ಒಂದೇ ಮಾತುಕತೆಯನ್ನು ಉಳಿಸಿಕೊಡುವುದೇ ಈ ಕುಸುರಿಯ ದೊಡ್ಡತನ.