ಚಕ್ಷುಪಾಲನ ಕಣ್ಣು: ಧಮ್ಮಪದದ ಕಥೆಯೊಂದರ ವಿಮರ್ಶೆ

ಪುತ್ರಶೋಕದಲ್ಲಿದ್ದ ತಾಯಿಯೊಬ್ಬರಿಗೆ ಹಿಂದೊಮ್ಮೆ ನಾವು ‘ಪೂರ್ವಕರ್ಮ, ಅನುಭವಿಸಿಯೇ ತೀರಬೇಕು’ ಎಂದು ಹೇಳಿ ಬಂದೆವು. ಆಕೆ ಮರುಮಾತಾಡಲಿಲ್ಲ. ಆ ಮೌನವು ಸಮಾಧಾನದ್ದಲ್ಲವೆಂಬುದು ನಮಗೆ ತಿಳಿದದ್ದು ತಡವಾಗಿ. ಧಮ್ಮಪದವನ್ನು ಅಟ್ಠಕಥೆಯೊಡನೆ ಓದುವಾಗಲೆಲ್ಲ ಈ ಪ್ರಸಂಗ ನೆನಪಿಗೆ ಬರುತ್ತದೆ.

ಧಮ್ಮಪದದ 423 ಗಾಥೆಗಳಲ್ಲಿ ಮೊದಲಿನದು ಮನಸ್ಸನ್ನು ಕುರಿತದ್ದು. ಮನಸ್ಸು ಕಲುಷಿತವಾದರೆ ನಡೆನುಡಿಗಳ ಹಿಂದೆಯೇ ದುಃಖವೂ ಬರುವುದೆಂಬುದು ಅದರ ತಾತ್ಪರ್ಯ. ಸಂಪ್ರದಾಯವು ಬುದ್ಧಘೋಷನದೆಂದು ಹೇಳುವ ಅಟ್ಠಕಥೆಯು ಈ ಗಾಥೆಗೆ ಚಕ್ಷುಪಾಲ ಸ್ಥವಿರನ ಕಥೆಯನ್ನು ಜೋಡಿಸಿದೆ. ಮಳೆಗಾಲದ ಮೂರು ತಿಂಗಳು ಮಲಗುವುದಿಲ್ಲವೆಂದು ಅವನು ವ್ರತ ತೊಟ್ಟನು. ಕಣ್ಣುಬೇನೆ ಬಂದಾಗ ಮಲಗಿ ಹಾಕಿಕೊಳ್ಳಬೇಕಾದ ಔಷಧವನ್ನು ಕುಳಿತೇ ಹಾಕಿಕೊಂಡು ದೃಷ್ಟಿಯನ್ನು ಕಳೆದುಕೊಂಡನು. ಆ ಕ್ಷಣದಲ್ಲೇ ಅರ್ಹಂತನಾದನು. ಮುಂದೆ ಜೇತವನದಲ್ಲಿ ಅವನ ಕಾಲಡಿಯಲ್ಲಿ ಹುಳುಗಳು ಸತ್ತವು. ಕೊಲ್ಲುವ ಸಂಕಲ್ಪವಿಲ್ಲದುದರಿಂದ ಅದು ದೋಷವಲ್ಲವೆಂದು ಬುದ್ಧನು ತೀರ್ಪಿತ್ತನು. ಕುರುಡೇಕೆ ಬಂತೆಂಬ ಭಿಕ್ಷುಗಳ ಪ್ರಶ್ನೆಗೆ ಮಾತ್ರ ಹಿಂದಿನ ಜನ್ಮದ ಉತ್ತರ ದೊರೆಯುತ್ತದೆ: ಅವನು ವೈದ್ಯನಾಗಿದ್ದಾಗ, ಮೋಸಮಾಡಿದ ರೋಗಿಯೊಬ್ಬಳ ಕಣ್ಣನ್ನು ಬೇಕೆಂದೇ ಕೆಡಿಸಿದ್ದನು.

ಈ ಕಥೆಯ ಗುಣ ದೊಡ್ಡದು. ಸಂಕಲ್ಪವಿಲ್ಲದ ಕೊಲೆಯನ್ನೂ ಸಂಕಲ್ಪಪೂರ್ವಕವಾದ ಔಷಧವನ್ನೂ ಎದುರುಬದುರಾಗಿಟ್ಟು, ಚೇತನೆಯೇ ಕರ್ಮವೆಂಬ ಬೌದ್ಧಸಿದ್ಧಾಂತವನ್ನು ಸಾಮಾನ್ಯನಿಗೂ ತಿಳಿಯುವಂತೆ ಮಾಡಿದೆ. ಆದರೆ ದೋಷವೂ ಇದೆ. ಕುರುಡಿಗೆ ಸಾಕಾದ ಕಾರಣವನ್ನು ಕಥೆಯೇ ಮೊದಲು ಹೇಳಿದೆ. ಕೊನೆಯಲ್ಲಿ ಅದನ್ನು ಮರೆತು, ಪೂರ್ವಜನ್ಮವೊಂದೇ ಉತ್ತರವೆಂಬಂತೆ ಮುಗಿಸುತ್ತದೆ. ಗಾಥೆ ಸಾಧಕನನ್ನು ಇಂದಿನ ಮನಸ್ಸಿನ ಕಡೆಗೆ ತಿರುಗಿಸಿದರೆ, ಕಥೆ ಕೇಳುಗನನ್ನು ಪರರ ಗತಜನ್ಮದ ಕಡೆಗೆ ಕರೆದೊಯ್ಯುತ್ತದೆ.

ಪಾಲಿ ಸೂತ್ರಗಳು ಇಷ್ಟು ಅವಸರಪಡುವುದಿಲ್ಲ. ಸಂಯುತ್ತನಿಕಾಯದ ಸೀವಕಸೂತ್ರದಲ್ಲಿ ವೇದನೆಗಳಿಗೆ ಪಿತ್ತ, ಕಫ, ವಾತ, ಋತುಪರಿಣಾಮ ಮೊದಲಾದ ಎಂಟು ಕಾರಣಗಳಿವೆ. ಕರ್ಮವಿಪಾಕವು ಎಂಟನೆಯದು ಮಾತ್ರ. ಎಲ್ಲವೂ ಪೂರ್ವಕೃತವೆನ್ನುವ ವಾದವನ್ನು ಬುದ್ಧನು ಅಲ್ಲಿ ನಿರಾಕರಿಸುತ್ತಾನೆ. ಅಂಗುತ್ತರನಿಕಾಯವಂತೂ ಕರ್ಮವಿಪಾಕವನ್ನು ನಾಲ್ಕು ಅಚಿಂತ್ಯಗಳಲ್ಲಿ ಸೇರಿಸಿದೆ. ಅದೇ ನಿಕಾಯದಲ್ಲಿ ಉಪ್ಪಿನ ಹರಳಿನ ದೃಷ್ಟಾಂತವಿದೆ: ಬಟ್ಟಲ ನೀರನ್ನು ಕೆಡಿಸುವ ಹರಳು ಗಂಗೆಯನ್ನು ಕೆಡಿಸಲಾರದು. ಶೀಲದಿಂದ, ಪ್ರಜ್ಞೆಯಿಂದ ಚಿತ್ತವನ್ನು ಹಿಗ್ಗಿಸಿಕೊಂಡವನಲ್ಲಿ ಅದೇ ಅಲ್ಪಪಾಪದ ಫಲವೂ ಅಲ್ಪವಾಗುತ್ತದೆ. ಕರ್ಮಸಿದ್ಧಾಂತವು ವಿಧಿವಾದವಾಗದೆ ಸಾಧನೆಗೆ ಆಧಾರವಾಗುವುದು ಇಲ್ಲಿಯೇ. ಫಲವು ಕಲ್ಲಿನ ಬರಹವಾಗಿದ್ದರೆ ಚಿತ್ತವನ್ನು ಪಳಗಿಸುವ ಶ್ರಮಕ್ಕೆ ಅರ್ಥವೇನಿದ್ದೀತು?

ಆದುದರಿಂದ ಅಟ್ಠಕಥೆಯನ್ನು ಓದುವ ಸಹೃದಯರು ಒಂದು ವಿವೇಕವನ್ನು ಇಟ್ಟುಕೊಳ್ಳಬೇಕು. ಕರ್ಮದ ಪ್ರಶ್ನೆಯು ತನ್ನನ್ನು ತಾನು ಕೇಳಿಕೊಳ್ಳತಕ್ಕದ್ದು. ನೊಂದವರ ಮೇಲೆ ಹೊರಿಸತಕ್ಕದ್ದಲ್ಲ. ಆ ತಾಯಿಯ ಮನೆಯಲ್ಲಿ ನಾವು ಆಡಬೇಕಾಗಿದ್ದುದು ಸಿದ್ಧಾಂತವನ್ನಲ್ಲ. ಆಕೆಯ ದುಃಖದ ಹರಳು ಕರಗುವಷ್ಟು ನೀರಾಗಿ, ಮಾತಿಲ್ಲದೆ ಜೊತೆಗೆ ಕುಳಿತಿದ್ದರೆ ಸಾಕಾಗಿತ್ತು.