ಎಡಗಡೆಯ ಕೊಳದ ದಡದಲ್ಲಿ ಜಾಗ ಹಿಡಿಯಿರಿ

ಕಾಂಬೋಡಿಯಾಕ್ಕೆ ಹೊರಟವರ ಕಿವಿಗೆ ಮೊದಲು ಬೀಳುವ ಸಲಹೆ ಹೆಚ್ಚುಕಡಿಮೆ ಒಂದೇ. ಬೆಳಗಿನ ಜಾವ ನಾಲ್ಕೂವರೆಗೆ ಟುಕ್‌ಟುಕ್ ಹತ್ತಿ, ಐದಕ್ಕೆ ಅಂಕೋರ್ ವಾಟ್ ತೆರೆಯುತ್ತಲೇ ಒಳಗೆ ನುಗ್ಗಿ, ಎಡಗಡೆಯ ಕೊಳದ ದಡದಲ್ಲಿ ಜಾಗ ಹಿಡಿಯಿರಿ. ಗೈಡ್ ಪುಸ್ತಕ, ಯೂಟ್ಯೂಬ್ ವಿಡಿಯೊ, ಹೋಗಿಬಂದ ನೆಂಟರು, ಎಲ್ಲರೂ ಇದನ್ನೇ ಹೇಳುತ್ತಾರೆ. ಎಲ್ಲರೂ ಹೇಳಿದ್ದರಿಂದ ಎಲ್ಲರೂ ಅಲ್ಲಿಯೇ ನಿಂತಿರುತ್ತಾರೆ. ಸಲಹೆ ಸುಳ್ಳೇನಲ್ಲ. ಗೋಪುರಗಳ ಹಿಂದೆ ಕೆಂಪೇರುವ ಆಕಾಶವೂ ನೀರಿನಲ್ಲಿ ಅದರ ಪ್ರತಿಬಿಂಬವೂ ಚೆನ್ನಾಗಿಯೇ ಇರುತ್ತವೆ. ಅದು ಹಾಗೆ ಏಕೆ ಕಾಣುತ್ತದೆ ಎಂದು ಹೇಳುವವರು ಮಾತ್ರ ವಿರಳ.

ಅಂಕೋರ್‌ನ ಹೆಚ್ಚಿನ ಗುಡಿಗಳು ಪೂರ್ವಾಭಿಮುಖ. ಆದರೆ 12ನೇ ಶತಮಾನದಲ್ಲಿ ಖ್ಮೇರ್ ದೊರೆ ಎರಡನೇ ಸೂರ್ಯವರ್ಮ ವಿಷ್ಣುವಿಗೆಂದು ಕಟ್ಟಿಸಿದ ಈ ದೊಡ್ಡ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಆದ್ದರಿಂದ ಸೂರ್ಯ ಹುಟ್ಟುವುದು ಅದರ ಬೆನ್ನ ಹಿಂದೆ. ಮುಂದೆ ನಿಂತವರಿಗೆ ಕಾಣುವುದು ಒಂದು ಕಪ್ಪು ಆಕೃತಿ. ಮುಂಭಾಗದ ಕಲ್ಲಿನ ಕೆತ್ತನೆ ಕಾಣಬೇಕಾದರೆ ಮಧ್ಯಾಹ್ನ ಇಳಿದು ಬಿಸಿಲು ಎದುರಿನಿಂದ ಬೀಳಬೇಕು. ಈ ಒಂದು ಸಂಗತಿ ತಿಳಿದವನು ಬೆಳಿಗ್ಗೆ ತಾ ಪ್ರೋಮ್‌ನಂಥ ಪೂರ್ವದ ಬಾಗಿಲಿನ ಗುಡಿಗೆ, ಸಂಜೆ ಅಂಕೋರ್ ವಾಟ್‌ಗೆ ಎಂದು ತನ್ನ ದಿನವನ್ನು ತಾನೇ ಹೊಂದಿಸಿಕೊಳ್ಳಬಲ್ಲ. ಪ್ರವಾಸದ ಸಲಹೆಯನ್ನು ನಾನು ಅಳೆಯುವುದು ಹೀಗೆ: ಕಾರಣ ಹೇಳುತ್ತದೆಯೋ, ಬರೀ ಅಪ್ಪಣೆ ಕೊಡುತ್ತದೆಯೋ? ಕಾಂಬೋಡಿಯಾದ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಅಪ್ಪಣೆಗಳೇ.

ನಮ್ಮವರಿಗೆಂದೇ ತಯಾರಾದ ಸಲಹೆಗಳನ್ನು ನೋಡಿ. ಅವುಗಳಲ್ಲಿ ಅರ್ಧ ಊಟದ್ದು. ಇಂಡಿಯನ್ ಹೋಟೆಲು ಎಲ್ಲಿದೆ, ಚಟ್ನಿಪುಡಿ ಎಷ್ಟು ಒಯ್ಯಬೇಕು, ಅವಲಕ್ಕಿ ಕೆಡುತ್ತದೆಯೇ. ಸಸ್ಯಾಹಾರಿಗೆ ಇವು ಅಗತ್ಯದ ಪ್ರಶ್ನೆಗಳೇ, ಹಾಸ್ಯ ಮಾಡಲಾರೆ. ಆದರೆ ಅಲ್ಲಿನ ಖ್ಮೇರ್ ಅಡುಗೆಯಲ್ಲಿ ಪ್ರಹೋಕ್ ಎಂಬ ಹುದುಗಿಸಿದ ಮೀನಿನ ಹಿಂಡಿಯೂ ಮೀನಿನ ಸಾಸೂ ಉಪ್ಪಿನಷ್ಟೇ ಸಹಜವಾಗಿ ಬೀಳುತ್ತವೆ, ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ಒಳಗೆ ಅವು ಇರಬಹುದು, ‘ಮಾಂಸ ಬೇಡ’ ಎಂದರೆ ಸಾಲದು, ಮೀನಿನ ಸಾಸೂ ಬೇಡವೆಂದು ಬೇರೆಯಾಗಿಯೇ ಹೇಳಬೇಕು ಎಂಬ ವಿವರಣೆ ಆ ಪಟ್ಟಿಗಳಲ್ಲಿ ಅಪರೂಪ.

ನನಗೆ ಇನ್ನೂ ದೊಡ್ಡ ಕೊರತೆಯಾಗಿ ಕಾಣುವುದು ಬೇರೆ. ಅಂಕೋರ್ ವಾಟ್‌ನಲ್ಲಿ ಸೂರ್ಯೋದಯ ಮುಗಿದೊಡನೆ ಗುಂಪಿನ ಬಹುಪಾಲು ತಿಂಡಿಗೆಂದು ಹೋಟೆಲಿಗೆ ಮರಳುತ್ತದೆ. ಆಗ ಮೂರನೇ ಪ್ರಾಕಾರದ ಪಡಸಾಲೆ ಬಿಡುವಾಗುತ್ತದೆ. ಪಶ್ಚಿಮದ ಗೋಡೆಯ ದಕ್ಷಿಣ ಭಾಗದಲ್ಲಿ ಕಲ್ಲಿನಲ್ಲಿ ಕೆತ್ತಿದ ಕುರುಕ್ಷೇತ್ರ ಹರಡಿಕೊಂಡಿದೆ, ಶರಶಯ್ಯೆಯ ಮೇಲೆ ಭೀಷ್ಮನಿದ್ದಾನೆ. ಅದೇ ಗೋಡೆಯ ಉತ್ತರದ ತುದಿಯತ್ತ ಲಂಕೆಯ ಯುದ್ಧ. ಪೂರ್ವಕ್ಕೆ ಸಮುದ್ರಮಥನ: ವಾಸುಕಿಯ ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು. ಯೂರೋಪಿನಿಂದ ಬಂದವರು ಇಲ್ಲಿ ಗೈಡ್ ಇಲ್ಲದೆ ಒಂದು ಹೆಜ್ಜೆ ಇಡಲಾರರು. ತಾಳಮದ್ದಳೆ ಕೇಳಿ ಬೆಳೆದವರಿಗೆ ಮುಕ್ಕಾಲು ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಕನ್ನಡದ ಸಲಹೆಗಾರ ಹೇಳಬೇಕಾದದ್ದು ಒಂದೇ, ಅದೂ ನಮ್ಮ ಕಾಲಿನ ಅಭ್ಯಾಸಕ್ಕೆ ವಿರುದ್ಧವಾದದ್ದು: ಪಶ್ಚಿಮ ದ್ವಾರದಿಂದ ಒಳಬಂದವರು ಬಲಕ್ಕೆ ತಿರುಗಿ. ಇಲ್ಲಿನ ಚಿತ್ರಗಳ ಸಾಲು ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಅಂತ್ಯಕ್ರಿಯೆಯ ವಿಧಿಗಳಲ್ಲಿ ಬರುವ ದಿಕ್ಕು ಅದು. ಈ ಗುಡಿ ರಾಜನ ಸಮಾಧಿಸ್ಮಾರಕವೂ ಆಗಿದ್ದಿರಬಹುದು ಎಂದು ವಿದ್ವಾಂಸರು ಊಹಿಸಲು ಇದೂ ಒಂದು ಆಧಾರ. ಇಷ್ಟು ಹೇಳಿದ್ದರೆ ಅವಲಕ್ಕಿಯ ವಿಷಯವನ್ನು ಮರೆತಿದ್ದರೂ ನಾನು ಕ್ಷಮಿಸುತ್ತಿದ್ದೆ.

ಕಾರಣವಿಲ್ಲದ ಸಲಹೆ ಹಳಸಿದ್ದು ಗೊತ್ತಾಗುವುದಿಲ್ಲ. ಲೋನ್ಲಿ ಪ್ಲಾನೆಟ್‌ನ ಹಳದಿ ಹೊದಿಕೆಯ ಆಗ್ನೇಯ ಏಷ್ಯಾ ಪುಸ್ತಕ ಮೊದಲು ಬಂದದ್ದು 1975ರಲ್ಲಿ. ಕಡಿಮೆ ಖರ್ಚಿನ ಪ್ರವಾಸಕ್ಕೆ ಅದು ಒಂದು ಭಾಷೆಯನ್ನೇ ಕೊಟ್ಟಿತು: ಎಲ್ಲಿ ಅಗ್ಗ, ಎಲ್ಲಿ ಮೋಸ, ಯಾವ ಗಡಿ ಸುಲಭ. ಆ ಭಾಷೆಯನ್ನು ಇಂದಿನ ವಿಡಿಯೊಗಳೂ ಆಡುತ್ತಿವೆ, ಒಂದು ವ್ಯತ್ಯಾಸದೊಂದಿಗೆ. ಪುಸ್ತಕಕ್ಕೆ ಮುದ್ರಣದ ವರ್ಷವಿತ್ತು, ಹೊಸ ಆವೃತ್ತಿ ಬರುತ್ತಿತ್ತು. ವಿಡಿಯೊ ಹಳೆಯದಾದರೂ ನಿನ್ನೆಯದರಂತೆಯೇ ಮಾತಾಡುತ್ತದೆ. ಅಂಕೋರ್‌ನ ಒಂದು ದಿನದ ಟಿಕೆಟ್ 20 ಡಾಲರ್ ಎಂದು ಈಗಲೂ ಹೇಳುವವರಿದ್ದಾರೆ. 2017ರಲ್ಲೇ ಅದು 37 ಆಯಿತು. ಅಂಕೋರ್‌ಗೆ ಹತ್ತಿರದ ಊರಾದ ಸಿಯೆಮ್ ರೀಪ್‌ನ ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡಿದೆ ಎನ್ನುತ್ತಾರೆ. 2023ರ ಅಕ್ಟೋಬರ್‌ನಿಂದ ವಿಮಾನಗಳು ಇಳಿಯುವುದು ಸುಮಾರು 50 ಕಿ.ಮೀ. ದೂರದ ಹೊಸ ನಿಲ್ದಾಣದಲ್ಲಿ. ರಾತ್ರಿ ಇಳಿದವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಇನ್ನು ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಹೊರಟು ಪೊಯ್‌ಪೆಟ್ ಗಡಿ ದಾಟುವ ವಿದ್ಯೆ. ನಕಲಿ ವೀಸಾ ಕೌಂಟರುಗಳಿಂದ ತಪ್ಪಿಸಿಕೊಳ್ಳುವ ಬಗೆಯನ್ನು ವರ್ಷಗಟ್ಟಲೆ ಎಷ್ಟು ಮಂದಿ ಬರೆದರೋ! 2025ರ ಜೂನ್‌ನಲ್ಲಿ ಥಾಯ್ಲೆಂಡ್–ಕಾಂಬೋಡಿಯಾ ಜಗಳ ಬಿಗಡಾಯಿಸಿ ಆ ಗಡಿ ಪ್ರವಾಸಿಗಳಿಗೆ ಮುಚ್ಚಿತು, ಮರು ತಿಂಗಳು ಗುಂಡಿನ ಕಾಳಗವೇ ನಡೆಯಿತು. ಅಷ್ಟೂ ಬರಹ ಒಂದೇ ಏಟಿಗೆ ನಿರುಪಯೋಗಿ.

ಇದಕ್ಕೆ ಹೋಲಿಸಿದರೆ ನಿಸರ್ಗದ ಕಾರಣ ಗಟ್ಟಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ ಎಂಬುದು ಎಲ್ಲೆಡೆಯ ಮಾತು. ಗುಡಿ ಸುತ್ತುವ ಕಾಲಿಗೆ ಅದು ಸರಿ, ಏಪ್ರಿಲ್ ಬಿಸಿಲು ತಡೆಯುವಂಥದ್ದಲ್ಲ. ಆದರೆ ತೋನ್ಲೆ ಸಾಪ್ ಸರೋವರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಮಳೆಗಾಲದಲ್ಲಿ ಮೆಕಾಂಗ್ ತುಂಬಿದಾಗ ಸರೋವರದಿಂದ ಅದಕ್ಕೆ ಹರಿಯುವ ನದಿ ಹಿಮ್ಮುಖವಾಗುತ್ತದೆ, ಸರೋವರ ಹಲವು ಪಟ್ಟು ಹಿಗ್ಗುತ್ತದೆ. ಸರೋವರದ ಅಂಚಿನ ಹಳ್ಳಿ ಕಂಪೋಂಗ್ ಫ್ಲುಕ್‌ನ ಎತ್ತರದ ಕಂಬಗಳ ಮನೆಗಳು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೀರಿಗೆ ತಾಗುವಂತಿರುತ್ತವೆ, ದೋಣಿ ಮುಳುಗಿದ ಕಾಡಿನ ನಡುವೆ ಸಾಗುತ್ತದೆ. ಬೇಸಗೆಯಲ್ಲಿ ಅಲ್ಲಿ ಕಾಣುವುದು ಕೆಸರು ಮತ್ತು ಉದ್ದನೆಯ ಕಂಬಗಳು. ‘ತೇಲುವ ಹಳ್ಳಿ ಮೋಸ’ ಎಂದು ಮುನಿಸಿಕೊಂಡು ಬರೆದವರಲ್ಲಿ ಹಲವರು ನೀರಿಲ್ಲದ ತಿಂಗಳಲ್ಲಿ ಹೋದವರೇ ಇರಬೇಕು.

ಸಲಹೆ ಬರೆಯುವವರನ್ನು ಬರೀ ದೂರುವುದೂ ಸರಿಯಲ್ಲ, ಅವರಿಂದ ಒಳ್ಳೆಯದೂ ಆಗಿದೆ. 2016ರ ಏಪ್ರಿಲ್‌ನಲ್ಲಿ ಪ್ರವಾಸಿಗಳನ್ನು ಹೊತ್ತಿದ್ದ ಒಂದು ಆನೆ ಅಂಕೋರ್ ಬಳಿ ಬಿಸಿಲಿಗೆ ಕುಸಿದು ಸತ್ತಿತು. ‘ಆನೆ ಸವಾರಿ ಬೇಡ’ ಎಂಬ ಮಾತು ಹಬ್ಬಿತು, 2020ರ ಹೊತ್ತಿಗೆ ಸವಾರಿ ನಿಂತಿತು. ಅನಾಥಾಲಯಗಳ ಕಥೆ ಇನ್ನೂ ಕಹಿ. ಅರ್ಧ ದಿನ ಮಕ್ಕಳ ಜೊತೆ ಆಡಿ, ದೇಣಿಗೆ ಕೊಟ್ಟು ಬನ್ನಿ ಎಂದು ಒಂದು ಕಾಲದಲ್ಲಿ ಪ್ರೀತಿಯಿಂದಲೇ ಬರೆಯುತ್ತಿದ್ದರು. ಅಲ್ಲಿನ ಬಹುಪಾಲು ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದರು. ಬರುವ ದೇಣಿಗೆಯೇ ಬಡವರ ಮಕ್ಕಳನ್ನು ಮನೆಯಿಂದ ಅಲ್ಲಿಗೆ ಸೆಳೆಯುತ್ತಿತ್ತು. ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ 2011ರಲ್ಲಿ, ಮಕ್ಕಳು ಪ್ರವಾಸಿ ಆಕರ್ಷಣೆಗಳಲ್ಲ ಎಂಬ ಪ್ರಚಾರ ಶುರುಮಾಡಿದ ಮೇಲೆ ಸಲಹೆಯ ದಿಕ್ಕು ಬದಲಾಯಿತು. ಪೋಸ್ಟ್‌ಕಾರ್ಡ್ ಮಾರುವ ಮಗುವಿನಿಂದ ಕೊಳ್ಳಬೇಡಿ ಎಂಬುದರ ಹಿಂದೆಯೂ ಇದೇ ತರ್ಕ: ವ್ಯಾಪಾರ ಚೆನ್ನಾಗಿ ನಡೆದಷ್ಟೂ ಮಗು ಶಾಲೆಯಿಂದ ದೂರವಾಗುತ್ತದೆ. ಕಾರಣ ತಿಳಿಯದೆ ಪಾಲಿಸಿದರೆ ಇದು ಜಿಪುಣತನದಂತೆ ಕಂಡೀತು.

ಕಾರಣ ಇದ್ದರೆ ಸಾಕೇ ಎಂದು ಯಾರಾದರೂ ಕೇಳಿದರೆ ನನ್ನ ಅಳತೆಗೋಲು ಸ್ವಲ್ಪ ಅಲುಗುತ್ತದೆ. ಫ್ನೋಮ್ ಪೆನ್‌ನಲ್ಲಿ 1975ರ ಏಪ್ರಿಲ್‌ನಲ್ಲಿ ಊರಿಗೆ ನುಗ್ಗಿದ ಖ್ಮೇರ್ ರೂಜ್ ಪಡೆ ಶಾಲೆಯನ್ನೇ ಸೆರೆಮನೆ ಮಾಡಿದ ತುವೋಲ್ ಸ್ಲೆಂಗ್, ಊರಾಚೆ ಸಾಮೂಹಿಕ ಸಮಾಧಿಗಳ ಚೊಂಗ್ ಏಕ್. ಇವೆರಡರ ಜೊತೆಗೆ ಶೂಟಿಂಗ್ ರೇಂಜಿಗೂ ಹೋಗಿ ಎಕೆ-47 ಹಾರಿಸಿ ಬನ್ನಿ ಎಂಬ ಸಲಹೆ ಬಹಳ ಕಾಲ ಚಾಲ್ತಿಯಲ್ಲಿತ್ತು. ಅದಕ್ಕೂ ಕಾರಣ ಕೊಡುತ್ತಿದ್ದರು: ಒಂದೇ ಟುಕ್‌ಟುಕ್, ಒಂದೇ ದಿನ, ಬಾಡಿಗೆ ಉಳಿತಾಯ. ಲೆಕ್ಕ ಸರಿಯೇ ಇದೆ, ಸಲಹೆ ಸರಿಯಲ್ಲ. 2025ರ ಜುಲೈನಲ್ಲಿ ಯುನೆಸ್ಕೊ ಈ ಎರಡು ಸ್ಥಳಗಳನ್ನೂ ಖ್ಮೇರ್ ರೂಜ್‌ನ ಎಂ-13 ಸೆರೆಮನೆಯನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇನ್ನು ಜನ ಹೆಚ್ಚು ಬರುತ್ತಾರೆ, ಹೊಸ ಸಲಹೆಗಳೂ ಬರುತ್ತವೆ. ಬರೆಯುವವರಲ್ಲಿ ನನ್ನ ಕೋರಿಕೆ ಸಣ್ಣದು. ಎರಡನ್ನೂ ಅರ್ಧ ದಿನಕ್ಕೆ ತುರುಕಬೇಡಿ, ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಜಾಗಗಳಲ್ಲವೆಂದು ಮೊದಲ ಸಾಲಿನಲ್ಲೇ ಬರೆಯಿರಿ, ಅಲ್ಲಿ ಸಿಗುವ ಆಡಿಯೊ ಗೈಡ್‌ಗೆ ದುಡ್ಡು ಉಳಿಸಬೇಡಿ ಎಂದು ಹೇಳಿ.